ಜಠರದಲ್ಲಿ ಕ್ಯಾನ್ಸರ್ ಸಿಕ್ಕಿದೆ, ಆದರೆ ಅದು ಜಠರದ್ದೇ ಹೌದಾ?

ಎಂಡೋಸ್ಕೋಪಿ ಆಯಿತು, ಬಯಾಪ್ಸಿ ತೆಗೆದರು, ಕೆಲವು ದಿನ ಬಿಟ್ಟು ಬಂದ ರಿಪೋರ್ಟ್‌ನಲ್ಲಿ ‘ಸಿಗ್ನೆಟ್ ರಿಂಗ್ ಸೆಲ್ ಕಾರ್ಸಿನೋಮಾ’ ಅಂತ ಇದೆ. ಮನೆಯವರೆಲ್ಲ ಜಠರದ ಕ್ಯಾನ್ಸರ್ ಅಂದುಕೊಂಡು ಆಪರೇಷನ್‌ಗೆ ದುಡ್ಡು ಹೊಂದಿಸಲು ಓಡಾಡುತ್ತಿದ್ದಾರೆ. ಈ ರೋಗಿಗೆ ಹಿಂದೆ ಯಾವಾಗಲಾದರೂ, ಹದಿನೈದು ವರ್ಷದ ಹಿಂದೆಯೇ ಆಗಿರಲಿ, ಸ್ತನದಲ್ಲೋ ಕಿಡ್ನಿಯಲ್ಲೋ ಶ್ವಾಸಕೋಶದಲ್ಲೋ ಚರ್ಮದಲ್ಲೋ ಕ್ಯಾನ್ಸರ್ ಆಗಿತ್ತಾ? ಆಗಿದ್ದರೆ ಆಪರೇಷನ್ ದಿನ ಗೊತ್ತುಮಾಡುವ ಮೊದಲು ಇದನ್ನು ಓದಿ.

ಬೇರೆ ಅಂಗದ ಕ್ಯಾನ್ಸರ್ ಜಠರಕ್ಕೆ ಹರಡುವುದು ಅಪರೂಪ. ಲಿವರ್, ಮೂಳೆ, ಶ್ವಾಸಕೋಶ, ಮಿದುಳಿಗೆ ಹರಡುವಷ್ಟು ಸಲೀಸಾಗಿ ಜಠರಕ್ಕೆ ಹರಡುವುದಿಲ್ಲ. ಹಾಗಾಗಿಯೇ ಯಾರಿಗೂ ಅದು ತಟ್ಟನೆ ಹೊಳೆಯುವುದಿಲ್ಲ. ಆದರೆ ಹರಡಿದಾಗ ಅದು ಜಠರದ ಸ್ವಂತ ಕ್ಯಾನ್ಸರ್ ತರಹವೇ ಕಾಣಬಲ್ಲದು, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಜಠರದ್ದೇ ಆಗಿದ್ದು ಬೇರೆಲ್ಲೂ ಹರಡಿಲ್ಲದಿದ್ದರೆ ಕೀಮೋ ಕೊಟ್ಟು ಜಠರ ತೆಗೆಯುವುದು ಸರಿಯಾದ ದಾರಿ. ಸ್ತನದಿಂದ ಬಂದದ್ದಾದರೆ ಜಠರ ತೆಗೆಯುವುದರಿಂದ ಸಾಮಾನ್ಯವಾಗಿ ಏನೂ ಉಪಯೋಗವಿಲ್ಲ. ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆ, ಜೊತೆಗೆ ಕ್ಯಾನ್ಸರ್ ಕೋಶಗಳ ವಿಭಜನೆ ತಡೆಯುವ ಪಾಲ್ಬೊಸಿಕ್ಲಿಬ್ ಅಥವಾ ರೈಬೊಸಿಕ್ಲಿಬ್ ಕೊಟ್ಟು ಎಷ್ಟೋ ಜನರಲ್ಲಿ ಕಾಯಿಲೆಯನ್ನು ಹಿಡಿತದಲ್ಲಿ ಇಡುತ್ತಾರೆ. ಅಂದರೆ ಸುಮ್ನೆ ಮಾಡಿಸುವ ಒಂದು ದೊಡ್ಡ ಆಪರೇಷನ್ ತಪ್ಪುತ್ತದೆ, ಅಲ್ವಾ?

ನಾನು ಪೆಥಾಲಜಿಸ್ಟ್, ಅಂದರೆ ಬಯಾಪ್ಸಿ ಚೂರನ್ನು ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಇಟ್ಟು ನೋಡುವ ಡಾಕ್ಟರ್. ರೋಗಿಯ ಮುಖ ನೋಡುವುದು ಕಡಿಮೆ, ಅವರ ಬಾಟಲಿ ಮತ್ತು ಫಾರಂ ನೋಡುವುದೇ ಜಾಸ್ತಿ. ಆ ಫಾರಂನಲ್ಲಿ ಬಹಳ ಸಲ ಇಷ್ಟೇ ಇರುತ್ತದೆ: ಹೆಸರು, ವಯಸ್ಸು, ‘ಜಠರದ ಬಯಾಪ್ಸಿ, ಕ್ಯಾನ್ಸರ್ ಇದೆಯಾ’. ಕ್ಯಾನ್ಸರ್ ಇದೆ ಅಂತ ನಾವು ಹೇಳಬಲ್ಲೆವು. ಎಲ್ಲಿಂದ ಬಂತು ಅಂತ ಹೇಳಲು, ಅನುಮಾನ ಪಡಲು ಒಂದು ಕಾರಣ ಬೇಕು. ಆ ಕಾರಣ ಫಾರಂ ಮೇಲೆ ಬರುವಂತೆ ನೋಡಿಕೊಳ್ಳುವುದು ಮುಕ್ಕಾಲು ಪಾಲು ರೋಗಿಯ ಮನೆಯವರ ಕೈಯಲ್ಲೇ ಇದೆ. ಅದಕ್ಕೇ ಈ ಬರಹ ಡಾಕ್ಟರುಗಳಿಗಿಂತ ಜಾಸ್ತಿ ನಿಮಗೆ.

ಯಾರ ಮೇಲೆ ಅನುಮಾನ ಇರಬೇಕು

ಜಠರಕ್ಕೆ ಹರಡುವವುಗಳಲ್ಲಿ ಮತ್ತೆ ಮತ್ತೆ ಸಿಗುವ ಹೆಸರುಗಳು ಸ್ತನ, ಶ್ವಾಸಕೋಶ, ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಕಿಡ್ನಿ. ಅನ್ನನಾಳ, ಅಂಡಾಶಯ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳಿನದು ಕೂಡ ಬರುತ್ತದೆ. ಮೇದೋಜೀರಕ ಗ್ರಂಥಿ ಜಠರದ ಹಿಂದೆಯೇ ಅಂಟಿಕೊಂಡಂತಿದೆ, ದೊಡ್ಡ ಕರುಳಿನ ಒಂದು ಭಾಗ ಕೆಳಗೇ ಹಾಯುತ್ತದೆ, ಹಾಗಾಗಿ ಅಲ್ಲಿನ ಗಡ್ಡೆ ನೇರವಾಗಿ ಗೋಡೆ ಕೊರೆದುಕೊಂಡು ಒಳಗೆ ಬರಬಹುದು. ಸ್ತನ, ಮೆಲನೋಮಾ, ಕಿಡ್ನಿಯವು ರಕ್ತದ ಮೂಲಕ ಬರುತ್ತವೆ.

ಇವುಗಳಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಸ್ತನದ ಲೋಬ್ಯುಲರ್ ಕಾರ್ಸಿನೋಮಾ. ಸ್ತನ ಕ್ಯಾನ್ಸರ್‌ಗಳಲ್ಲಿ ಇದು ಶೇಕಡಾ 10ರಿಂದ 15ರಷ್ಟು ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಡಕ್ಟಲ್ ಜಾತಿ. ಆದರೆ ಜಠರಕ್ಕೆ ಹರಡುವ ವಿಷಯದಲ್ಲಿ ಲೋಬ್ಯುಲರ್‌ನದೇ ಮೇಲುಗೈ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಇಡುವ ಇ-ಕ್ಯಾಡ್‌ಹೆರಿನ್ ಅನ್ನುವ ಪ್ರೋಟೀನ್ ಇದರಲ್ಲಿ ಇರುವುದಿಲ್ಲ. ಹಾಗಾಗಿ ಈ ಕೋಶಗಳು ಗಡ್ಡೆ ಕಟ್ಟುವುದಿಲ್ಲ, ಇರುವೆ ಸಾಲಿನ ಹಾಗೆ ಒಂದರ ಹಿಂದೊಂದು ಗೋಡೆಯೊಳಗೆ ನುಸುಳುತ್ತಾ ಹೋಗುತ್ತವೆ. ಜಠರದ ಸ್ವಂತ ‘ಡಿಫ್ಯೂಸ್’ ಜಾತಿಯ ಕ್ಯಾನ್ಸರ್ ಕೂಡ ಇದೇ ಪ್ರೋಟೀನ್ ಕಳೆದುಕೊಂಡು ಹೀಗೇ ನುಸುಳುತ್ತದೆ. ಎರಡೂ ಒಂದೇ ತರಹ ಕಾಣುವುದಕ್ಕೆ ಕಾರಣ ಅದೇ. ಎರಡೂ ಜಠರವನ್ನು ದಪ್ಪಗಾಗಿಸಿ, ಗಾಳಿ ತುಂಬಿದರೂ ಹಿಗ್ಗದಷ್ಟು ಬಿರುಸು ಮಾಡುತ್ತವೆ. ಇದಕ್ಕೆ ‘ಲಿನೈಟಿಸ್ ಪ್ಲಾಸ್ಟಿಕಾ’ ಅಂತ ಬರೆಯುತ್ತಾರೆ, ರಿಪೋರ್ಟ್‌ನಲ್ಲಿ ಆ ಪದ ಕಂಡರೆ ಸ್ತನದ ಇತಿಹಾಸ ಕೇಳಲೇಬೇಕು.

ಸಮಯದ ಅಂತರ ನೋಡಿ ಮೋಸ ಹೋಗಬೇಡಿ. ಸ್ತನ ಮತ್ತು ಕಿಡ್ನಿ ಕ್ಯಾನ್ಸರ್ ಎರಡೂ ಹತ್ತು ವರ್ಷ, ಅದಕ್ಕೂ ಜಾಸ್ತಿ ಸದ್ದಿಲ್ಲದೆ ಇದ್ದು ಆಮೇಲೆ ತಲೆ ಎತ್ತುತ್ತವೆ. ‘ಐದು ವರ್ಷ ದಾಟಿತು, ವಾಸಿಯಾಯಿತು ಅಂತ ಡಾಕ್ಟರೇ ಹೇಳಿದ್ದರು’ ಅನ್ನುವ ಮಾತು ಎಷ್ಟೋ ಮನೆಯಲ್ಲಿ ಕೇಳಿಬರುತ್ತದೆ. ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನ್‌ನಿಂದ ಬೆಳೆಯುವ ಸ್ತನ ಕ್ಯಾನ್ಸರ್‌ಗೆ ಈ ಐದು ವರ್ಷದ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ.

ಲಕ್ಷಣಗಳಂತೂ ಏನೂ ಹೇಳುವುದಿಲ್ಲ. ಎದೆಯುರಿ, ಉಬ್ಬರ, ವಾಕರಿಕೆ, ಅರ್ಧ ಮುದ್ದೆಗೇ ಹೊಟ್ಟೆ ತುಂಬಿದ ಹಾಗೆ ಆಗುವುದು, ತೂಕ ಇಳಿಯುವುದು. ನಮ್ಮಲ್ಲಿ ಇದೆಲ್ಲಕ್ಕೂ ‘ಗ್ಯಾಸ್ಟ್ರಿಕ್’ ಅಂತ ಹೆಸರಿಟ್ಟು, ಮೆಡಿಕಲ್ ಶಾಪ್‌ನಿಂದ ಪ್ಯಾಂಟೊಪ್ರಜೋಲ್ ತಂದು, ಜೀರಿಗೆ ನೀರು ಕುಡಿದು ತಿಂಗಳುಗಟ್ಟಲೆ ದೂಡುವುದು ಮಾಮೂಲು. ಕೀಮೋ ನಡೆಯುತ್ತಿದ್ದರೆ ತಪ್ಪೆಲ್ಲ ಕೀಮೋ ಮೇಲೆ ಹೋಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಇಂಥ ತೊಂದರೆ ಕೆಲವು ವಾರದಲ್ಲಿ ಹೋಗದಿದ್ದರೆ, ಅಥವಾ ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಎಂಡೋಸ್ಕೋಪಿ ಕೇಳಿ. ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಬರುತ್ತಿದ್ದರೆ ಅದು ರಕ್ತ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ರಕ್ತ ಅಥವಾ ಕಾಫಿ ಪುಡಿ ಕದಡಿದಂಥ ವಾಂತಿ ಆದರೆ ಓದುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ.

ಹಳೆಯ ಫೈಲ್ ಹುಡುಕಿ

ಎಂಡೋಸ್ಕೋಪಿಗೆ ಮುಂಚೆ ಮಾಡುವ ಕೆಲಸ ಇದು. ಅಟ್ಟದ ಮೇಲಿನ ಪ್ಲಾಸ್ಟಿಕ್ ಚೀಲ, ಬೀರುವಿನ ತಳ, ಊರಲ್ಲಿರುವ ಅಣ್ಣನ ಮನೆ, ಎಲ್ಲೇ ಇರಲಿ. ಬೇಕಾದ್ದು ಬಿಲ್ಲುಗಳಲ್ಲ. ಹಳೆಯ ಆಪರೇಷನ್‌ನ ಬಯಾಪ್ಸಿ ರಿಪೋರ್ಟ್, ಅದರಲ್ಲಿ ಕ್ಯಾನ್ಸರ್ ಜಾತಿ ಬರೆದ ಸಾಲು, ಸ್ತನದ್ದಾಗಿದ್ದರೆ ಇಆರ್, ಪಿಆರ್ (ಹಾರ್ಮೋನ್ ಹಿಡಿಯುವ ಪ್ರೋಟೀನ್‌ಗಳು), ಹರ್2 (ಕೋಶ ಬೆಳೆಸುವ ಪ್ರೋಟೀನ್) ಫಲಿತಾಂಶ, ಮತ್ತೆ ಡಿಸ್ಚಾರ್ಜ್ ಸಮರಿ. ಫೈಲ್ ಕಳೆದಿದ್ದರೆ ಆಸ್ಪತ್ರೆಯ ನೋಂದಣಿ ಸಂಖ್ಯೆಯಾದರೂ ಹುಡುಕಿ. ಬೆಂಗಳೂರಿನ ಕಿದ್ವಾಯಿಯಲ್ಲೋ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲೋ ಚಿಕಿತ್ಸೆ ಆಗಿದ್ದರೆ ಹಳೆಯ ಚೀಟಿಯ ಮೇಲಿನ ಆ ಒಂದು ನಂಬರ್‌ನಿಂದ ದಾಖಲೆ ಹುಡುಕುವುದು ಎಷ್ಟೋ ಸುಲಭ.

ಇಲ್ಲಿ ಒಂದು ನಾಜೂಕಾದ ವಿಷಯ ಇದೆ. ಎಷ್ಟೋ ಹೆಂಗಸರು ಸ್ತನದ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ‘ಗಂಟು ತೆಗೆಸಿದ್ದೆ’ ಅನ್ನುತ್ತಾರೆ, ಅಷ್ಟೇ. ಕೆಲವು ಮನೆಯಲ್ಲಿ ಅಮ್ಮನಿಗೇ ಅದು ಕ್ಯಾನ್ಸರ್ ಅಂತ ತಿಳಿಸಿರುವುದಿಲ್ಲ, ಇನ್ನು ಕೆಲವು ಕಡೆ ಅಳಿಯನಿಗೋ ಸೊಸೆಗೋ ಗೊತ್ತಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಬಂದವರು ಅವರೇ. ಡಾಕ್ಟರ್ ‘ಹಿಂದೆ ಏನಾದರೂ ಕಾಯಿಲೆ?’ ಅಂತ ಕೇಳಿದಾಗ ‘ಬಿಪಿ, ಶುಗರ್’ ಅಂತ ಉತ್ತರ ಬರುತ್ತದೆ. ರೋಗಿಯ ಎದುರು ಹೇಳಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ. ಕಣ್ಣಿನ ಗಡ್ಡೆಗೆ ಕಣ್ಣು ತೆಗೆಸಿದ್ದು, ಅಂಗಾಲಿನ ಕಪ್ಪು ಗಾಯ ಕತ್ತರಿಸಿದ್ದು, ಒಂದು ಕಿಡ್ನಿ ತೆಗೆಸಿದ್ದು, ಗರ್ಭಕೋಶದ ಜೊತೆ ಅಂಡಾಶಯ ತೆಗೆಸಿದ್ದು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ, ‘ಅದು ಬೇರೆ ವಿಷಯ ಬಿಡಿ’ ಅನ್ನಿಸಿದರೂ ಹೇಳಿ.

ಫಾರಂನಲ್ಲಿ ಬರೆಸಬೇಕಾದ್ದು ಹೀಗೆ ಇದ್ದರೆ ಸಾಕು: ‘2012ರಲ್ಲಿ ಎಡ ಸ್ತನ, ಇನ್ವೇಸಿವ್ ಲೋಬ್ಯುಲರ್ ಕಾರ್ಸಿನೋಮಾ, ಇಆರ್ ಪಾಸಿಟಿವ್, ಹರ್2 ನೆಗೆಟಿವ್. ಈಗ ಜಠರದ ಗೋಡೆ ದಪ್ಪ. ಸ್ತನದಿಂದ ಹರಡಿದ್ದಾ?’ ಎರಡು ಸಾಲು ಅಷ್ಟೇ. ಇದನ್ನು ಎಂಡೋಸ್ಕೋಪಿ ಮಾಡುವವರಿಗೂ ಹೇಳಬೇಕು, ಬಯಾಪ್ಸಿ ಫಾರಂನಲ್ಲೂ ಇರಬೇಕು. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ತಲುಪುತ್ತದೆ ಅಂತ ನಂಬಬೇಡಿ.

ಎಂಡೋಸ್ಕೋಪಿಯಲ್ಲಿ

ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಸಾಮಾನ್ಯವಾಗಿ 6ರಿಂದ 8 ಗಂಟೆ ಏನೂ ತಿಂದಿರಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವೇ ನಿಲ್ಲಿಸಬೇಡಿ.

ಹರಡಿ ಬಂದ ಕ್ಯಾನ್ಸರ್‌ಗೆ ಕೆಲವು ವಿಶಿಷ್ಟ ರೂಪಗಳಿವೆ. ಒಳಪದರದ ಕೆಳಗಿಂದ ಉಬ್ಬಿ ಬಂದು ತುದಿಯಲ್ಲಿ ಕುಳಿ ಬಿದ್ದಿರುವ ಗಂಟು ಒಂದು, ಇದನ್ನು ರಿಪೋರ್ಟ್‌ನಲ್ಲಿ ‘ವಾಲ್ಕೆನೋ’ ಅಥವಾ ‘ಬುಲ್ಸ್ ಐ’ ಅಂತ ಬರೆಯುತ್ತಾರೆ. ಮೆಲನೋಮಾ ಆದರೆ ಕಪ್ಪು ಚುಕ್ಕೆ, ಕಪ್ಪು ಗಂಟು ಇರಬಹುದು, ಆದರೆ ಬಣ್ಣವೇ ಇಲ್ಲದ ಮೆಲನೋಮಾ ಕೂಡ ಇದೆ. ಕಿಡ್ನಿಯಿಂದ ಬಂದದ್ದು ರಕ್ತನಾಳ ತುಂಬಿದ ಕೆಂಪು ಗಂಟಾಗಿರುತ್ತದೆ, ಮುಟ್ಟಿದರೆ ಜೋರಾಗಿ ರಕ್ತ ಸುರಿಯಬಹುದು, ಅದಕ್ಕೇ ಹಳೆಯ ಕಿಡ್ನಿ ಆಪರೇಷನ್ ವಿಷಯ ಡಾಕ್ಟರ್‌ಗೆ ಮೊದಲೇ ಗೊತ್ತಿರಬೇಕು. ಗಂಟು ಒಂದೇ ಇರಬಹುದು, ಹಲವು ಇರಬಹುದು. ಒಂದೇ ಇದೆ ಅಂದ ಮಾತ್ರಕ್ಕೆ ಜಠರದ್ದೇ ಅಂತ ಅಲ್ಲ.

ಲೋಬ್ಯುಲರ್ ಸ್ತನ ಕ್ಯಾನ್ಸರ್ ವಿಷಯದಲ್ಲಿ ಇದೆಲ್ಲ ಕೈಕೊಡುತ್ತದೆ. ಒಳಪದರ ಬಹುತೇಕ ಚೆನ್ನಾಗಿಯೇ ಕಾಣಬಹುದು. ಮಡಿಕೆಗಳು ಸ್ವಲ್ಪ ದಪ್ಪ, ಸ್ಕೋಪ್‌ನಿಂದ ಗಾಳಿ ಬಿಟ್ಟರೂ ಜಠರ ಅರಳುವುದಿಲ್ಲ, ಅಷ್ಟೇ. ಕಾಯಿಲೆ ಕೆಳಗಿನ ಪದರದಲ್ಲಿ ಹರಿದಾಡುತ್ತಿರುತ್ತದೆ. ಮೇಲಿಂದ ಎರಡು ಚೂರು ಚಿವುಟಿ ಕಳಿಸಿದರೆ ನಮಗೆ ಸಿಗುವುದು ‘ಕ್ರಾನಿಕ್ ಗ್ಯಾಸ್ಟ್ರೈಟಿಸ್’. ಮನೆಯವರು ಖುಷಿಯಾಗಿ ಹೋಗುತ್ತಾರೆ, ಕಾಯಿಲೆ ಒಳಗೇ ಉಳಿಯುತ್ತದೆ. ಆದ್ದರಿಂದ ಅನುಮಾನ ಬಲವಾಗಿದ್ದು ಮೊದಲ ಬಯಾಪ್ಸಿ ನೆಗೆಟಿವ್ ಬಂದರೆ ಅಲ್ಲಿಗೆ ಬಿಡಬೇಡಿ. ಇನ್ನೊಮ್ಮೆ ಮಾಡಿಸಿ, ಆರೆಂಟು ಚೂರಾದರೂ ತೆಗೆಯಲಿ, ಅದೇ ಜಾಗದಲ್ಲಿ ಚಿವುಟಿದ ಕುಳಿಯೊಳಗೇ ಮತ್ತೆ ಚಿವುಟಿ ಆಳಕ್ಕೆ ಹೋಗಲಿ. ಹಾಗೂ ಸಿಗದಿದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ಅದರಲ್ಲಿ ಜಠರದ ಗೋಡೆಯ ಐದು ಪದರಗಳು ಬೇರೆ ಬೇರೆಯಾಗಿ ಕಾಣುತ್ತವೆ, ಯಾವ ಪದರ ದಪ್ಪಗಾಗಿದೆಯೋ ಅದಕ್ಕೇ ಸೂಜಿ ಹಾಕಿ ತೆಗೆಯಬಹುದು. ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ, ದೊಡ್ಡ ಊರಿಗೆ ಹೋಗಬೇಕಾಗಬಹುದು.

ಬಯಾಪ್ಸಿ ಬಾಟಲಿಯನ್ನು ಲ್ಯಾಬಿಗೆ ಹೊತ್ತು ತರುವುದು ನಮ್ಮಲ್ಲಿ ಬಹಳ ಸಲ ರೋಗಿಯ ಕಡೆಯವರೇ. ಚೂರುಗಳು ಫಾರ್ಮಲಿನ್ ಅನ್ನುವ, ಅಂಗಾಂಶ ಕೆಡದಂತೆ ಇಡುವ ದ್ರಾವಣದಲ್ಲಿ ಪೂರ್ತಿ ಮುಳುಗಿರಬೇಕು. ಸಲೈನ್‌ನಲ್ಲಿ ಹಾಕಿಟ್ಟರೆ ಕೋಶಗಳು ಕೆಡುತ್ತವೆ, ಆಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ‘ಇದರಲ್ಲಿ ಇರುವುದು ಫಾರ್ಮಲಿನ್ ತಾನೇ?’ ಅಂತ ಸಿಸ್ಟರ್‌ನ್ನು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಬಾಟಲಿಯ ಮೇಲೆ ಹೆಸರು ಇದೆಯಾ ನೋಡಿ. ಮುಚ್ಚಳ ತೆಗೆದು ಮೂಸಬೇಡಿ, ಫ್ರಿಜ್‌ನಲ್ಲಿ ಇಡಬೇಡಿ, ‘ನಾಳೆ ಕೊಡೋಣ’ ಅಂತ ಮನೆಗೆ ಒಯ್ಯಬೇಡಿ. ಇಆರ್, ಹರ್2 ಸರಿಯಾಗಿ ಓದಲು ಚೂರು ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಮಾತ್ರ ಇರಬೇಕು ಅಂತ ನಿಯಮ. ಶನಿವಾರ ತೆಗೆದದ್ದನ್ನು ಬುಧವಾರ ತಂದುಕೊಟ್ಟರೆ ಆ ಲೆಕ್ಕ ತಪ್ಪುತ್ತದೆ.

ಲ್ಯಾಬ್‌ನಲ್ಲಿ ನಡೆಯುವುದು

ಮೊದಲು ಮಾಮೂಲಿ ಬಣ್ಣ ಹಾಕಿ ನೋಡುತ್ತೇವೆ. ಜಠರದಲ್ಲೇ ಹುಟ್ಟಿದ ಕ್ಯಾನ್ಸರ್‌ಗೆ ಸುತ್ತಮುತ್ತ ಒಂದಿಷ್ಟು ಹಿನ್ನೆಲೆ ಇರುತ್ತದೆ, ಒಳಪದರದ ಗ್ರಂಥಿಗಳು ಆಗಲೇ ಹದಗೆಟ್ಟಿರುತ್ತವೆ. ಹೊರಗಿಂದ ಬಂದದ್ದಾದರೆ ಮೇಲೆ ಆರೋಗ್ಯವಾದ ಗ್ರಂಥಿಗಳು, ಅವುಗಳ ನಡುವೆ, ಕೆಳಗೆ ಕ್ಯಾನ್ಸರ್ ಕೋಶಗಳು. ಇದು ಒಂದು ಸುಳಿವು, ಸಾಕ್ಷಿ ಅಲ್ಲ, ಯಾಕೆಂದರೆ ಜಠರದ ಡಿಫ್ಯೂಸ್ ಕ್ಯಾನ್ಸರ್ ಕೂಡ ಕೆಲವೊಮ್ಮೆ ಹೀಗೇ ಕಾಣುತ್ತದೆ. ಸಿಗ್ನೆಟ್ ರಿಂಗ್ ಕೋಶ ಅಂದರೆ ಒಳಗೆ ಲೋಳೆ ತುಂಬಿ ನ್ಯೂಕ್ಲಿಯಸ್ ಒಂದು ಬದಿಗೆ ಒತ್ತಿಕೊಂಡ ಕೋಶ. ಇದು ಜಠರದ ಸ್ವತ್ತು ಅಂತ ಎಲ್ಲರೂ ಓದಿಕೊಂಡಿದ್ದಾರೆ. ಲೋಬ್ಯುಲರ್ ಸ್ತನ ಕ್ಯಾನ್ಸರ್‌ನಲ್ಲೂ ಇದು ಇರುತ್ತದೆ. ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಕಿಡ್ನಿಯದು ಇನ್ನೊಂದು ತರಹದ ಕಳ್ಳ. ಅದರ ತಿಳಿಯಾದ ಕೋಶಗಳು ಸಣ್ಣ ಚೂರಿನಲ್ಲಿ ಕೊಬ್ಬು ತಿಂದ ಸಾಧಾರಣ ಕೋಶಗಳ ಹಾಗೆ ಕಾಣುತ್ತವೆ, ‘ಕ್ಸಾಂಥೋಮಾ, ತೊಂದರೆ ಇಲ್ಲ’ ಅಂತ ಹೋಗಿಬಿಡುವ ಅಪಾಯ ಇದೆ. ಫಾರಂನಲ್ಲಿ ಕಿಡ್ನಿ ಅಂತ ಇದ್ದರೆ ಯಾರೂ ಹಾಗೆ ಬಿಡುವುದಿಲ್ಲ.

ಮುಂದಿನದು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಎಲ್ಲರ ಬಾಯಲ್ಲಿ ಐಎಚ್‌ಸಿ. ಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ಆಂಟಿಬಾಡಿ ಹಾಕಿ ನೋಡುವ ಪರೀಕ್ಷೆ. ಹೀಗೆ ಹುಡುಕುವ ಪ್ರೋಟೀನ್‌ಗೆ ಮಾರ್ಕರ್ ಅನ್ನುತ್ತೇವೆ. ಒಂದೊಂದು ಮಾರ್ಕರ್‌ಗೂ ಬೇರೆ ಬೇರೆ ದುಡ್ಡು, ಅದಕ್ಕಿಂತ ದೊಡ್ಡ ಸಮಸ್ಯೆ ಅಂದರೆ ಒಂದೊಂದಕ್ಕೂ ಚೂರಿನ ಒಂದು ಹೋಳು ಖರ್ಚಾಗುತ್ತದೆ. ಎಂಡೋಸ್ಕೋಪಿಯ ಚೂರು ಇರುವುದೇ ಒಂದೆರಡು ಮಿಲಿಮೀಟರ್. ಸುಮ್ನೆ ಇಪ್ಪತ್ತು ಮಾರ್ಕರ್ ಹಾಕಿಬಿಟ್ಟರೆ ಕೊನೆಗೆ ಬೇಕಾದ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಹಳೆಯ ಕ್ಯಾನ್ಸರ್ ಯಾವುದು ಅಂತ ಗೊತ್ತಿದ್ದರೆ ನಾಲ್ಕೈದರಲ್ಲೇ ಬಹುಪಾಲು ಮುಗಿಯುತ್ತದೆ.

ಸ್ತನವೋ ಜಠರವೋ ಅನ್ನುವ ಪ್ರಶ್ನೆಗೆ ನಾನು ಮೊದಲು ಹಾಕುವುದು ಸ್ತನದ ಕಡೆಯ ಇಆರ್ ಮತ್ತು ಗಾಟಾ3, ಎದುರಿಗೆ ಜಠರ-ಕರುಳಿನ ಕಡೆಯ ಸಿಡಿಎಕ್ಸ್2. ಮೊದಲೆರಡು ಜೋರಾಗಿ ಪಾಸಿಟಿವ್, ಮೂರನೆಯದು ನೆಗೆಟಿವ್ ಬಂದರೆ ಸ್ತನದ ಕಡೆ ತೂಗುತ್ತದೆ. ಜಿಸಿಡಿಎಫ್‌ಪಿ-15, ಮಮ್ಮಾಗ್ಲೋಬಿನ್ ಕೂಡ ಸ್ತನದವೇ, ಬಂದರೆ ಬಲ ಹೆಚ್ಚು, ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಚ್‌ಎನ್‌ಎಫ್4ಎ ಅನ್ನುವ ಮಾರ್ಕರ್ ಜಠರದಲ್ಲಿ ಪಾಸಿಟಿವ್, ಸ್ತನದಲ್ಲಿ ನೆಗೆಟಿವ್, ಸಿಕ್ಕಿದರೆ ಬಹಳ ಒಳ್ಳೆಯದು, ಆದರೆ ಎಲ್ಲ ಲ್ಯಾಬ್‌ನಲ್ಲೂ ಇಲ್ಲ. ಸಿಕೆ7 ಎರಡರಲ್ಲೂ ಬರುತ್ತದೆ. ಇ-ಕ್ಯಾಡ್‌ಹೆರಿನ್ ಹಾಕಿ ‘ಇಲ್ಲ, ಹಾಗಾಗಿ ಲೋಬ್ಯುಲರ್’ ಅಂತ ಬರೆದ ರಿಪೋರ್ಟ್ ಕಂಡರೆ ಒಪ್ಪಬೇಡಿ, ಮೇಲೆ ಹೇಳಿದ ಹಾಗೆ ಅದು ಎರಡರಲ್ಲೂ ಕಳೆದುಹೋಗಿರಬಹುದು. ಹರ್2 ಕೂಡ ಮೂಲ ಹೇಳುವುದಿಲ್ಲ, ಎರಡರಲ್ಲೂ ಪಾಸಿಟಿವ್ ಆಗುವ ರೋಗಿಗಳು ಇದ್ದಾರೆ. ಮೇಲಾಗಿ ಜಠರದ ಹರ್2 ಅಂಕ ಕೊಡುವ ವಿಧಾನವೇ ಬೇರೆ, ಸ್ತನದ್ದೇ ಬೇರೆ. ಮೂಲ ತಪ್ಪಾದರೆ ಆ ಅಂಕವೂ ತಪ್ಪಾಗಬಹುದು.

ಯಾವ ಒಂದು ಮಾರ್ಕರನ್ನೂ ಪೂರ್ತಿ ನಂಬಬಾರದು. ಜಠರದ ಸ್ವಂತ ಕ್ಯಾನ್ಸರ್‌ಗಳಲ್ಲೂ ಕೆಲವು ಇಆರ್‌ಗೆ ಮಂದವಾಗಿ ಬಣ್ಣ ಹಿಡಿಯುತ್ತವೆ. ಗಾಟಾ3 ಮೂತ್ರಕೋಶದ ಕ್ಯಾನ್ಸರ್‌ನಲ್ಲೂ ಬರುತ್ತದೆ. ಸಿಡಿಎಕ್ಸ್2 ಇಲ್ಲದ ಜಠರ ಕ್ಯಾನ್ಸರ್ ಬೇಕಾದಷ್ಟಿದೆ. ಹರಡುವ ಹೊತ್ತಿಗೆ ಸ್ತನ ಕ್ಯಾನ್ಸರ್ ತನ್ನ ಇಆರ್ ಕಳೆದುಕೊಂಡಿರಲೂಬಹುದು.

ಉಳಿದ ಮೂಲಗಳಿಗೆ ಬೇರೆ ಜೋಡಿಗಳು. ಮೆಲನೋಮಾಗೆ ಸಾಕ್ಸ್10, ಎಸ್100, ಎಚ್‌ಎಂಬಿ-45, ಮೆಲಾನ್-ಎ. ಶ್ವಾಸಕೋಶದ ಅಡಿನೋಕಾರ್ಸಿನೋಮಾಗೆ (ಗ್ರಂಥಿ ಕೋಶದ ಕ್ಯಾನ್ಸರ್) ಟಿಟಿಎಫ್-1, ನ್ಯಾಪ್ಸಿನ್-ಎ; ಆದರೆ ಟಿಟಿಎಫ್-1 ಥೈರಾಯ್ಡ್‌ನಲ್ಲೂ ಬರುತ್ತದೆ, ಶ್ವಾಸಕೋಶದ ಸ್ಕ್ವಾಮಸ್ (ಚಪ್ಪಟೆ ಕೋಶದ) ಜಾತಿಯಲ್ಲಿ ಬರುವುದಿಲ್ಲ, ಅದಕ್ಕೆ ಪಿ40 ಬೇಕು, ಅದು ಅನ್ನನಾಳದ ಸ್ಕ್ವಾಮಸ್‌ನಲ್ಲೂ ಬರುತ್ತದೆ. ಕಿಡ್ನಿಗೆ ಪ್ಯಾಕ್ಸ್8, ಅಂಡಾಶಯಕ್ಕೆ ಪ್ಯಾಕ್ಸ್8 ಜೊತೆಗೆ ಡಬ್ಲ್ಯುಟಿ1. ದೊಡ್ಡ ಕರುಳಿಗೆ ಸಿಕೆ20, ಸಿಡಿಎಕ್ಸ್2, ಸ್ಯಾಟ್‌ಬಿ2.

ಇಷ್ಟೆಲ್ಲಕ್ಕಿಂತ ಗಟ್ಟಿಯಾದ ಒಂದು ದಾರಿ ಇದೆ, ಅದನ್ನೇ ಜನ ಮರೆಯುತ್ತಾರೆ. ಹಳೆಯ ಗಡ್ಡೆಯ ಬ್ಲಾಕ್ ತರಿಸಿ ಹೊಸದರ ಪಕ್ಕದಲ್ಲಿಟ್ಟು ನೋಡುವುದು. ಬ್ಲಾಕ್ ಅಂದರೆ ಮೇಣದಲ್ಲಿ ಕೂಡಿಸಿಟ್ಟ ಅಂಗಾಂಶದ ತುಂಡು, ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅರ್ಜಿ ಬರೆದುಕೊಟ್ಟು, ಹಳೆಯ ಬಯಾಪ್ಸಿ ನಂಬರ್ ಹಾಕಿ, ಬ್ಲಾಕ್ ಮತ್ತು ಸ್ಲೈಡ್ ಕೇಳಿ. ಎರಡೂ ಒಂದೇ ತರಹ ಕಂಡರೆ, ಮಾರ್ಕರ್‌ಗಳೂ ಹೊಂದಿದರೆ, ವಾದವೇ ಇಲ್ಲ. ಬ್ಲಾಕ್ ತರುವಾಗ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಮೇಣ ಸ್ವಾಮಿ, ಕರಗುತ್ತದೆ.

ಸ್ಕ್ಯಾನ್ ಮತ್ತು ರಕ್ತಪರೀಕ್ಷೆ

ಸಿಟಿಯಲ್ಲಿ ಗೋಡೆ ದಪ್ಪಗಿರುವುದು ಕಾಣುತ್ತದೆ, ಆದರೆ ಖಾಲಿ ಜಠರ ಮುದುಡಿಕೊಂಡಿದ್ದರೂ ದಪ್ಪವಾಗಿಯೇ ಕಾಣುತ್ತದೆ. ಅದಕ್ಕೇ ಸ್ಕ್ಯಾನ್‌ಗೆ ಮುಂಚೆ ನೀರು ಕುಡಿಸಿ ಹಿಗ್ಗಿಸುತ್ತಾರೆ. ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಅನ್ನುವ ನಂಬಿಕೆ ತುಂಬಾ ಇದೆ. ಲೋಬ್ಯುಲರ್ ಸ್ತನ ಕ್ಯಾನ್ಸರ್, ಸಿಗ್ನೆಟ್ ರಿಂಗ್, ಕಿಡ್ನಿ ಕ್ಯಾನ್ಸರ್ ಇವು ಮಾಮೂಲಿ ಪೆಟ್‌ನಲ್ಲಿ ಸರಿಯಾಗಿ ಹೊಳೆಯದೇ ಇರಬಹುದು. ಅದೇ ಒಂದು ಸಾಧಾರಣ ಗ್ಯಾಸ್ಟ್ರೈಟಿಸ್ ಹೊಳೆದು ಹೆದರಿಸಬಹುದು. ದೇಹದಲ್ಲಿ ಬೇರೆಲ್ಲೆಲ್ಲಿ ಹರಡಿದೆ ನೋಡಲು ಪೆಟ್ ಒಳ್ಳೆಯದು, ಜಠರದಲ್ಲಿ ಇರುವುದು ಏನು ಅಂತ ಹೇಳಲು ಅಲ್ಲ. ಸಿಇಎ, ಸಿಎ 15-3, ಸಿಎ 125, ಸಿಎ 19-9 ರಕ್ತಪರೀಕ್ಷೆಗಳೂ ಅಷ್ಟೇ, ಏರಿಳಿತ ನೋಡಲು ಸರಿ, ಮೂಲ ತೀರ್ಮಾನಿಸಲು ಸಾಲವು.

ಹೆಂಗಸರಲ್ಲಿ ಜಠರ ಮತ್ತು ಅಂಡಾಶಯ ಎರಡರಲ್ಲೂ ಗಡ್ಡೆ ಇದ್ದರೆ ದಿಕ್ಕು ತಿರುಗಿರಬಹುದು. ಜಠರದಿಂದ ಅಂಡಾಶಯಕ್ಕೆ ಹರಡುವುದು ಚೆನ್ನಾಗಿ ಗೊತ್ತಿರುವ ವಿಷಯ, ಕ್ರುಕೆನ್‌ಬರ್ಗ್ ಗಡ್ಡೆ ಅನ್ನುತ್ತಾರೆ. 1896ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ಫ್ರೆಡ್ರಿಕ್ ಕ್ರುಕೆನ್‌ಬರ್ಗ್ ಅದು ಅಂಡಾಶಯದಲ್ಲೇ ಹುಟ್ಟಿದ್ದು ಅಂದುಕೊಂಡಿದ್ದರು! ಲೋಬ್ಯುಲರ್ ಸ್ತನ ಕ್ಯಾನ್ಸರ್ ಎರಡಕ್ಕೂ ಹೋಗಬಲ್ಲದು, ಹಾಗಾಗಿ ಸ್ತನವನ್ನು ಇಲ್ಲೂ ಬಿಡುವಂತಿಲ್ಲ.

ಹಳೆಯ ಕ್ಯಾನ್ಸರ್ ಯಾವುದೂ ಇಲ್ಲ, ಆದರೂ ಅನುಮಾನ ಇದೆ

ಕೆಲವರಲ್ಲಿ ಮೊದಲ ಸುಳಿವು ಸಿಗುವುದೇ ಜಠರದಲ್ಲಿ. ಆಗ ಮೂಲ ಹುಡುಕಬೇಕು. ಮೊದಲ ಪರೀಕ್ಷೆಗೆ ಯಂತ್ರ ಬೇಡ, ಕೈ ಕಣ್ಣು ಸಾಕು. ಎರಡೂ ಸ್ತನ, ಕಂಕುಳು, ಕುತ್ತಿಗೆ ಮುಟ್ಟಿ ನೋಡಬೇಕು. ಮ್ಯಾಮೋಗ್ರಾಮ್‌ನಲ್ಲಿ ಲೋಬ್ಯುಲರ್ ತಪ್ಪಿಸಿಕೊಳ್ಳುವುದು ಗೊತ್ತಿರುವ ವಿಷಯ, ಅನುಮಾನ ಉಳಿದರೆ ಎಂಆರ್‌ಐ ಆಗಬೇಕು. ಚರ್ಮ ನೋಡುವಾಗ ಅಂಗಾಲು, ಕಾಲ್ಬೆರಳ ಉಗುರಿನ ಅಡಿ ಬಿಡಬಾರದು. ನಮ್ಮ ಜನರಲ್ಲಿ ಮೆಲನೋಮಾ ಹೆಚ್ಚಾಗಿ ಬರುವ ಜಾಗಗಳಲ್ಲಿ ಅಂಗಾಲು ಒಂದು, ಬರಿಗಾಲಲ್ಲಿ ಗದ್ದೆ ತಿರುಗಿದವರು ಅದನ್ನು ಮುಳ್ಳು ಚುಚ್ಚಿದ ಕಲೆ ಅಂತ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಗುದದ್ವಾರ, ಕಣ್ಣು ಕೂಡ ನೋಡಬೇಕು. ಆಮೇಲೆ ಎದೆ ಮತ್ತು ಹೊಟ್ಟೆಯ ಸಿಟಿ, ಅದರಲ್ಲಿ ಶ್ವಾಸಕೋಶ, ಕಿಡ್ನಿ, ಮೇದೋಜೀರಕ ಗ್ರಂಥಿ, ಅಂಡಾಶಯ ಎಲ್ಲ ಬರುತ್ತವೆ.

ರಿಪೋರ್ಟ್ ಕೈಗೆ ಬಂದ ಮೇಲೆ

ಇಷ್ಟು ಹೇಳಿದ ಮೇಲೆ ಉಲ್ಟಾ ಕೂಡ ಹೇಳಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಜಠರದಲ್ಲಿ ಬೇರೆಯೇ ಹೊಸ ಕ್ಯಾನ್ಸರ್ ಬರಬಾರದು ಅಂತ ಏನಿಲ್ಲ, ಬರುತ್ತದೆ. ಸಿಡಿಎಚ್1 ಅನ್ನುವ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಕುಟುಂಬಗಳಲ್ಲಿ ಡಿಫ್ಯೂಸ್ ಜಠರ ಕ್ಯಾನ್ಸರ್ ಮತ್ತು ಲೋಬ್ಯುಲರ್ ಸ್ತನ ಕ್ಯಾನ್ಸರ್ ಎರಡೂ ಬರುತ್ತವೆ, ಒಬ್ಬರಲ್ಲೇ ಎರಡೂ ಬರಬಹುದು. ಮನೆಯಲ್ಲಿ ಚಿಕ್ಕವಯಸ್ಸಿಗೇ ಜಠರದ ಕ್ಯಾನ್ಸರ್ ಆದವರು ಇದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ. ಹಳೆಯ ಇತಿಹಾಸ ಅನುಮಾನ ಹುಟ್ಟಿಸಲು, ತೀರ್ಪು ಕೊಡಲು ಅಲ್ಲ.

ರಿಪೋರ್ಟ್‌ನಲ್ಲಿ ‘ಐಎಚ್‌ಸಿ ಅಡ್ವೈಸ್ಡ್’ ಅಂತ ಇದ್ದರೆ ಅದು ಶಿಷ್ಟಾಚಾರದ ಮಾತಲ್ಲ, ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಡಾಕ್ಟರ್‌ನ್ನು ನೇರವಾಗಿ ಕೇಳಿ: ಇದು ಜಠರದ್ದೇ ಅಂತ ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ? ಹಳೆಯ ಸ್ಲೈಡ್ ಜೊತೆ ಹೋಲಿಸಿದ್ದಾರಾ? ಪೆಥಾಲಜಿಸ್ಟ್ ಜೊತೆ ಮಾತಾಡಿದ್ದೀರಾ? ಒಳ್ಳೆಯ ಡಾಕ್ಟರ್‌ಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಉತ್ತರ ಸರಿಬರದಿದ್ದರೆ ಬ್ಲಾಕ್ ಒಯ್ದು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಹೊರಗಿನ ಸ್ಲೈಡ್ ನೋಡಿ ರಿವ್ಯೂ ರಿಪೋರ್ಟ್ ಕೊಡುವ ವ್ಯವಸ್ಥೆ ದೊಡ್ಡ ಕಡೆ ಇರುತ್ತದೆ, ರೋಗಿಯನ್ನು ಎಲ್ಲ ಸಲ ಹೊತ್ತೊಯ್ಯಬೇಕಾಗಿಲ್ಲ.

ಸ್ತನದಿಂದ ಬಂದದ್ದು ಅಂತ ಖಚಿತವಾದರೆ ಹಳೆಯ ಇಆರ್, ಹರ್2 ನಂಬಿ ಚಿಕಿತ್ಸೆ ಶುರುಮಾಡಬಾರದು, ಜಠರದ ಚೂರಿನಲ್ಲಿ ಹೊಸದಾಗಿ ನೋಡಿಸಬೇಕು. ಶ್ವಾಸಕೋಶದ ಅಡಿನೋಕಾರ್ಸಿನೋಮಾ ಆದರೆ ಇಜಿಎಫ್ಆರ್, ಎಎಲ್‌ಕೆ, ಮೆಲನೋಮಾ ಆದರೆ ಬ್ರಾಫ್ ಅನ್ನುವ, ಔಷಧಿ ಆರಿಸಲು ಬೇಕಾದ ಜೀನ್ ಪರೀಕ್ಷೆಗೆ ಚೂರು ಉಳಿದಿದೆಯಾ ಕೇಳಿ.

ಐಎಚ್‌ಸಿಗೆ ಕೆಲವು ದಿನ ಹಿಡಿಯುತ್ತದೆ, ಹಳೆಯ ಬ್ಲಾಕ್ ತರಿಸಲು ಇನ್ನಷ್ಟು ದಿನ. ರೋಗಿ ಊಟ ಮಾಡುತ್ತಾ ಓಡಾಡುತ್ತಾ ಇದ್ದರೆ ಅಷ್ಟು ಕಾಯುವುದರಿಂದ ನಷ್ಟವಿಲ್ಲ, ‘ನಾಳೆಯೇ ತೆಗೆಯದಿದ್ದರೆ ಹರಡುತ್ತದೆ’ ಅನ್ನುವ ಅವಸರಕ್ಕೆ ಬೀಳಬೇಡಿ. ರಕ್ತ ನಿಲ್ಲುತ್ತಿಲ್ಲ, ಜಠರ ತೂತಾಗಿದೆ, ನೀರು ಕೂಡ ಇಳಿಯುತ್ತಿಲ್ಲ ಅಂದರೆ ಮಾತು ಬೇರೆ. ಆಗ ಎಲ್ಲಿಂದಲೇ ಬಂದಿರಲಿ, ಮೊದಲು ಅದನ್ನು ಸರಿಮಾಡಬೇಕು. ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಕೂಡಲೇ ಫಾರ್ಮಲಿನ್‌ಗೆ ಹಾಕಿಸಿದರೆ ಈ ಮಾರ್ಕರ್‌ಗಳನ್ನೆಲ್ಲ ಅದರಲ್ಲೇ ನೋಡಬಹುದು, ಎಂಡೋಸ್ಕೋಪಿಯ ಚೂರಿಗಿಂತ ಅಲ್ಲಿ ಅಂಗಾಂಶವೂ ಧಾರಾಳವಾಗಿ ಸಿಗುತ್ತದೆ.